ಹಾಕಿದವರೇ ತೆಗೆಯಬೇಕು

ಮೂವರು ಓರಗಿತ್ತಿಯರನ್ನು ಒಂದು ಅಡುಗೆಮನೆಯಲ್ಲಿ ಹೇಗೋ ಹೊಂದಿಸಬಹುದು, ಮೂರು ಕಂಪ್ಯೂಟರುಗಳನ್ನು ಒಂದು ಮನೆಯಲ್ಲಿ ಹೊಂದಿಸಲಿಕ್ಕೆ ಆಗುವುದಿಲ್ಲ. ಇದನ್ನು ಮೂವತ್ತೊಂದು ವರ್ಷ ಪ್ಲಾಂಟಿನಲ್ಲಿ ವಾಯರು, ಮೀಟರು, ಪ್ಯಾನೆಲ್ಲು ಎಂದು ಜೀವ ತೇಯ್ದ ಪುಂಡಲೀಕ ಹೇಳುತ್ತಿದ್ದಾನೆ, ನಂಬಿ. ಮಲ್ಲಾಪುರದ ನಮ್ಮ ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ ನನ್ನ ಹಳೇ ಡೆಸ್ಕ್‌ಟಾಪ್ ಇದೆ, ಅದರಲ್ಲಿ ವಿಂಡೋಸ್. ಮಗಳು ದೀಕ್ಷಾಳಿಗೆ ಅವಳ ಕಂಪನಿ ಕೊಟ್ಟದ್ದು ಮ್ಯಾಕ್. ಬೆಳಗಾವಿಯ ಹಾಸ್ಟೆಲಿನಲ್ಲಿರುವ ಮಗ ನಿತೇಶ ಬಿಟ್ಟುಹೋದ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್. ಒಂದರ ಮುಖ ಇನ್ನೊಂದಕ್ಕೆ ಆಗದು.

ಹಾಗಾದರೆ ಈ ಉಸಾಬರಿ ಯಾಕೆ ಬೇಕಿತ್ತು ಎಂದರೆ, ನನ್ನ ಹೆಂಡತಿ ಜಯಂತಿಯ ದನಿಗಾಗಿ. ಅವಳ ಗಂಟಲಿನಲ್ಲಿ ಗಡ್ಡೆ. ಆಪರೇಶನ್ನಿಗೆ ಹತ್ತೊಂಬತ್ತನೇ ತಾರೀಕು ಕೊಟ್ಟಿದ್ದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ದನಿ ಇರುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ದೀಕ್ಷಾ ಎಲ್ಲೆಲ್ಲೋ ಹುಡುಕಿ ಒಂದು ಆ್ಯಪ್ ತಂದಳು. ಮೊದಲೇ ರೆಕಾರ್ಡ್ ಮಾಡಿ ಇಟ್ಟರೆ, ಮುಂದೆ ಮೊಬೈಲಿನಲ್ಲಿ ಒಂದು ವಾಕ್ಯ ಒತ್ತಿದರೆ ಸಾಕು, ಅವಳ ಆಯಿಯದೇ ದನಿ ಬರುತ್ತದೆ.

ಮುನ್ನೂರು ವಾಕ್ಯಗಳ ಪಟ್ಟಿಯಾಯಿತು. ಮೊದಲ ನೂರ ಎಂಬತ್ತು ದಿನದ ಅಗತ್ಯದವು: ನೀರು ಬೇಕು, ಮಾತ್ರೆ ಎಲ್ಲಿ, ಊಟಕ್ಕೆ ಬನ್ನಿ. ಅದನ್ನು ಓದಿ ಜಯಂತಿ ಕನ್ನಡಕ ತೆಗೆದಿಟ್ಟಳು.

"ನೀರು ಕೊಡಿ, ಮಾತ್ರೆ ಕೊಡಿ ಅಂದ್ಕಂಡೇ ಕೂರೂಕೆ ನಾ ಎಂತ ಭಿಕ್ಷೆಗೆ ಬಂದವ್ಳಾ? ನಿನ್ನ ಪಪ್ಪಂಗೆ ಬಯ್ಯೂದು ಬ್ಯಾಡ್ವಾ?"

ಹಾಗಾಗಿ ಉಳಿದ ನೂರಿಪ್ಪತ್ತು ಅವಳೇ ಬರೆಸಿದ್ದು. ಬೈಗುಳ, ಕುಚೋದ್ಯ, ಪಕ್ಕದ ಮನೆ ಸುಗಂಧಾಬಾಯಿಯ ಕೋಳಿಗಳನ್ನು ಓಡಿಸುವ ಮಾತು, ನನ್ನ ಗೊರಕೆಗೆ ಒಂದು, ಹಾಸಿಗೆಯ ಮೇಲೆ ನಾನು ಎಸೆಯುವ ಒದ್ದೆ ಟುವಾಲಿಗೆ ಮೂರು. ನಂಬರು ನೂರ ಎಂಬತ್ತೈದರಿಂದ ಮುಂದೆ ಬಹುಪಾಲು ನನ್ನವೇ. ಗಂಟಲಿಗೆ ದಣಿವಾಗದ ಹಾಗೆ ದಿನಕ್ಕೆ ಹದಿನೈದು ವಾಕ್ಯ ಮಾತ್ರ ಓದಬಹುದಿತ್ತು. ಲೆಕ್ಕ ಹಾಕಿದರೆ ಇಪ್ಪತ್ತು ದಿನ, ನಮ್ಮ ಕೈಯಲ್ಲಿದ್ದದ್ದೂ ಅಷ್ಟೇ.

ಒಳ್ಳೆಯ ಮೈಕು ಡೆಸ್ಕ್‌ಟಾಪಿಗೇ ಕೂತದ್ದು. ಆದರೆ ಅದರ ಹಾರ್ಡ್‌ಡಿಸ್ಕು ಆಗಲೇ ಕಟಕಟ ಎನ್ನುತ್ತಿತ್ತು, ಯಾವಾಗ ಕಣ್ಣು ಮುಚ್ಚುತ್ತದೋ ಗೊತ್ತಿರಲಿಲ್ಲ. ಅದಕ್ಕೇ ಓದಿದ್ದೆಲ್ಲ ತಕ್ಷಣ ನಿತೇಶನ ಲ್ಯಾಪ್‌ಟಾಪಿಗೆ ಹೋಗಬೇಕು, ಅಲ್ಲಿಂದ ದೀಕ್ಷಾ ತನ್ನ ಮ್ಯಾಕಿಗೆ ಎಳೆದುಕೊಂಡು, ಕತ್ತರಿಸಿ, ಮೊಬೈಲಿಗೆ ಹಾಕಬೇಕು ಎಂದು ಮಾಡಿದೆವು. ಹೇಳಲಿಕ್ಕೆ ಎಷ್ಟು ಸಲೀಸು! ವಿಂಡೋಸು ಲಿನಕ್ಸಿನ ಬಾಗಿಲು ತಟ್ಟಿದರೆ ಅದು ಪಾಸ್‌ವರ್ಡ್ ಕೇಳುತ್ತದೆ. ಕೊಟ್ಟರೆ ತಪ್ಪು ಎನ್ನುತ್ತದೆ. ಲ್ಯಾಪ್‌ಟಾಪ್ ತೆರೆಯುವ ಪಾಸ್‌ವರ್ಡ್ ಬೇರೆ, ಫೋಲ್ಡರು ಹಂಚುವುದರದ್ದು ಬೇರೆ ಎಂದು ಫೋನಿನಲ್ಲಿ ನಿತೇಶ ಹೇಳುವಷ್ಟರಲ್ಲಿ ಎರಡು ದಿನ ಹೋಯಿತು. ಮ್ಯಾಕಿಗೆ ಫೋಲ್ಡರು ಕಾಣುತ್ತದೆ, ಒಳಗಿನ ಫೈಲು ತೆಗೆಯಲಿಕ್ಕೆ ಅನುಮತಿ ಇಲ್ಲ. ಕರೆಂಟು ಹೋಗಿ ರೂಟರ್ ಮತ್ತೆ ಹೊತ್ತಿಕೊಂಡರೆ ಲ್ಯಾಪ್‌ಟಾಪಿನ ವಿಳಾಸವೇ ಬದಲಾಗಿ, ನಿನ್ನೆ ಇದ್ದ ದಾರಿ ಇವತ್ತು ಇಲ್ಲ. ಮನೆಗೆ ಮಾರಿ ಊರಿಗೆ ಉಪಕಾರಿ ಎನ್ನುವ ಹಾಗೆ, ಪ್ಲಾಂಟಿನಲ್ಲಿ ಎಲ್ಲರ ಪ್ಯಾನೆಲ್ಲು ಸರಿಮಾಡುವ ನಾನು ಮನೆಯಲ್ಲಿ ತಲೆ ಚಚ್ಚಿಕೊಂಡೆ.

ಹನ್ನೆರಡು ದಿನ ಹೀಗೆ ಏಳುತ್ತಾ ಬೀಳುತ್ತಾ ನೂರ ಎಂಬತ್ತು ಮುಗಿಯಿತು. ಹದಿಮೂರನೇ ದಿನ ಬೆಳಿಗ್ಗೆ ದೀಕ್ಷಾ ಆಫೀಸಿನ ಟ್ರೇನಿಂಗೆಂದು ಹುಬ್ಬಳ್ಳಿಗೆ ಹೋದಳು. ಇನ್ನು ಇದಕ್ಕೊಂದು ಗತಿ ಕಾಣಿಸಿಯೇ ಬಿಡುತ್ತೇನೆಂದು ಲ್ಯಾಪ್‌ಟಾಪಿಗೆ ಕಾಯಂ ವಿಳಾಸ ಕೊಡಲು ಕೂತೆ. ಅರ್ಧ ಕೆಲಸದಲ್ಲಿ ಯಾರಾದರೂ ರೆಕಾರ್ಡ್ ಮಾಡಿದರೆ ಫೈಲು ಎಲ್ಲಿಗೋ ಹೋಗಿ ಬೀಳುತ್ತದೆಂದು ಮಾನಿಟರಿಗೆ ಕೆಂಪು ಟ್ಯಾಗು ನೇತುಹಾಕಿದೆ.

ಆ ಟ್ಯಾಗಿನ ಕಥೆ ಹೇಳಬೇಕು. ಪ್ಲಾಂಟಿನಲ್ಲಿ ಯಾವುದೇ ಯಂತ್ರ ಬಿಚ್ಚುವ ಮೊದಲು ಅದರ ಸ್ವಿಚ್ಚಿಗೆ 'ಮುಟ್ಟಬೇಡಿ, ಕೆಲಸ ನಡೆದಿದೆ' ಎಂಬ ಕೆಂಪು ಟ್ಯಾಗು ಹಾಕಿ ಹೆಸರು ಬರೆಯುತ್ತೇವೆ. ಹಾಕಿದವನೇ ತೆಗೆಯಬೇಕು, ಸಾಕ್ಷಾತ್ ದೇವರು ಬಂದರೂ ಮುಟ್ಟುವ ಹಾಗಿಲ್ಲ. ಆ ಚಾಳಿ ಮನೆಗೂ ಬಂತು. ಮದುವೆಯಾದ ಹೊಸತರಲ್ಲಿ ಮಿಕ್ಸರ್ ರಿಪೇರಿಗೆಂದು ಬಿಚ್ಚಿ ಟ್ಯಾಗು ಹಾಕಿದ್ದೆ. ಜಯಂತಿ ಅದನ್ನು ಕಿತ್ತು ಸ್ವಿಚ್ಚು ಹಾಕಿದಳು, ನನ್ನ ಬೆರಳು ಕೂದಲೆಳೆಯಲ್ಲಿ ಉಳಿಯಿತು. ಆ ದಿನ ನಾನು ಕೂಗಾಡಿದ್ದು ಇಡೀ ಕ್ವಾರ್ಟರ್ಸ್ ಲೈನಿಗೆ ಕೇಳಿತ್ತು. ಆಮೇಲೆ ನನ್ನ ಟ್ಯಾಗನ್ನು ಈ ಮನೆಯಲ್ಲಿ ಯಾರೂ ಮುಟ್ಟಿಲ್ಲ.

ಟ್ಯಾಗು ಹಾಕಿ ಅರ್ಧ ತಾಸಾಗಿರಲಿಲ್ಲ, ಪ್ಲಾಂಟಿನಿಂದ ಫೋನು ಬಂತು. ಯಂತ್ರ ನಿಲ್ಲಿಸಿ ಮಾಡುವ ಶಟ್‌ಡೌನ್ ಕೆಲಸ, ಇಬ್ಬರು ರಜೆ, ನೀನು ಬರಲೇಬೇಕು. ಆಸ್ಪತ್ರೆಗೆ ಹೋದಮೇಲೆ ನನಗೂ ರಜೆ ಬೇಕಲ್ಲ, ಇಲ್ಲ ಎನ್ನಲಾಗಲಿಲ್ಲ. ವಿಳಾಸದ ಕೆಲಸ ಗಡಿಬಿಡಿಯಲ್ಲಿ ಮುಗಿಸಿ ಓಡಿದೆ. ಹನ್ನೆರಡು ತಾಸಿನ ಡ್ಯೂಟಿ, ಮನೆಗೆ ಬಂದರೆ ಎರಡು ತುತ್ತು ನುಂಗಿ ಹೆಣದ ಹಾಗೆ ಬೀಳುವುದು. ಹುಬ್ಬಳ್ಳಿಯಿಂದ ದೀಕ್ಷಾ ದಿನಾ ಕೇಳುತ್ತಿದ್ದಳು.

"ಪಪ್ಪಾ, ಆಯಿ ಓದ್ತಾ ಇದ್ದಾಳಾ?"

"ಹಾಂ ಹಾಂ, ನಡೆದದೆ," ಎನ್ನುತ್ತಿದ್ದೆ. ನೋಡಿ ಹೇಳಿದ್ದಲ್ಲ. ಮಾತು ಉಳಿಸಲೆಂದು ಜಯಂತಿ ಫೋನು ಹಿಡಿಯುತ್ತಿರಲಿಲ್ಲ, ಮನೆಯಲ್ಲೂ ಕೈಸನ್ನೆಯಲ್ಲೇ ಮುಗಿಸುತ್ತಿದ್ದಳು. ನಿದ್ದೆಗಣ್ಣಿನ ನನಗೆ ಅದೂ ಅನುಕೂಲವೇ ಆಗಿತ್ತು.

ಹದಿನೆಂಟನೇ ತಾರೀಕು ಮಧ್ಯಾಹ್ನ ದೀಕ್ಷಾ ಬಂದಳು. ನನ್ನ ಡ್ಯೂಟಿಯೂ ಮುಗಿದಿತ್ತು. ಮರುದಿನ ಬೆಳಿಗ್ಗೆ ಐದಕ್ಕೆ ಆಸ್ಪತ್ರೆಗೆ ಹೊರಡಲು ಕಾರಿಗೆ ಹೇಳಿಯಾಗಿತ್ತು. ಬ್ಯಾಗು ಇಟ್ಟವಳೇ ಮ್ಯಾಕ್ ತೆರೆದಳು.

"ಪಪ್ಪಾ, ನೂರ ಎಂಬತ್ತರ ಮ್ಯಾಲೆ ಒಂದೂ ಬರ್ಲಿಲ್ಲ ಅಲ್ಲಾ?"

ಶುರುವಾಯಿತಲ್ಲ ಶನಿಕಾಟ ಎಂದುಕೊಂಡೆ. ಎರಡು ತಾಸು ಆ ಲಿನಕ್ಸಿನ ಜೊತೆ ಗುದ್ದಾಡಿದೆ. ರೂಟರ್ ಆರಿಸಿ ಹೊತ್ತಿಸಿದೆ, ಪಾಸ್‌ವರ್ಡ್ ಬದಲಿಸಿದೆ, ನಿತೇಶನನ್ನು ಕ್ಲಾಸಿನಿಂದ ಹೊರಗೆ ಕರೆಸಿ ಫೋನಿನಲ್ಲೇ ಬಯ್ದೆ. ಎಲ್ಲ ಸರಿಯಿತ್ತು. ಕೊನೆಗೆ ಡೆಸ್ಕ್‌ಟಾಪಿನೊಳಗೇ ನೋಡೋಣವೆಂದು ಹೋದರೆ ಅಲ್ಲಿಯೂ ನೂರ ಎಂಬತ್ತೇ ಇದ್ದವು.

"ಜಯಂತಿ, ಎಂಟು ದಿನ ಓದ್ಲೇ ಇಲ್ವಾ ನೀನು? ಎಂತ ಮಾಡ್ತಾ ಇದ್ದಿದ್ದೆ?" ಎಂದು ಕೂಗಿದೆ. ಕೂಗಿದೆ ಎನ್ನಲಿಕ್ಕೆ ಈಗ ನಾಚಿಕೆಯಾಗುತ್ತದೆ.

ಅವಳು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, ಮಾನಿಟರಿನ ಮೂಲೆಗೆ ಬೆರಳು ತೋರಿಸಿದಳು. ನನ್ನ ಮೂಗಿನ ಮುಂದೆಯೇ ಕೆಂಪು ಟ್ಯಾಗು ನೇತಾಡುತ್ತಿತ್ತು. ದಿನಕ್ಕೆ ನೂರು ಟ್ಯಾಗು ನೋಡುವ ಕಣ್ಣಿಗೆ ನೂರೊಂದನೆಯದು ಕಂಡಿರಲಿಲ್ಲ.

"ನಿಮ್ಮ ಹೆಸ್ರಿತ್ತು," ಎಂದಳು. ದನಿ ಆಗಲೇ ಮರಳು ಉಜ್ಜಿದ ಹಾಗಿತ್ತು. "ಕೇಳ್ವಾ ಅಂದ್ರೆ ನೀವು ಯಾವಾಗ್ಲೂ ಮಲಗಿದ್ರಿ. ಏಳ್ಸೂಕೆ ಮನ್ಸು ಬರ್ಲಿಲ್ಲ. ಇವತ್ತು ತೆಗೀತ್ರು, ನಾಳೆ ತೆಗೀತ್ರು ಅಂತ ಕಾದೆ."

ದೀಕ್ಷಾ ಎದ್ದು ಹಿತ್ತಲಿಗೆ ಹೋದಳು. ಅವಳು ಬಯ್ದಿದ್ದರೆ ಚೆನ್ನಾಗಿತ್ತು. ನಾನು ಟ್ಯಾಗು ತೆಗೆದೆ. ಗಂಟು ಬಿಚ್ಚಲಾಗದೆ ದಾರವನ್ನೇ ಹರಿದೆ.

ಜಯಂತಿ ಮೈಕಿನ ಮುಂದೆ ಕೂತಳು. "ಆದಷ್ಟು ಓದ್ತೆ, ನೀವು ಮೋರೆ ಹಾಂಗೆ ಇಟ್ಕಣ್ಬ್ಯಾಡಿ," ಎಂದು ನೂರ ಎಂಬತ್ತೊಂದನ್ನು ಎತ್ತಿಕೊಂಡಳು. ಅದು ಕೋಳಿ ಓಡಿಸುವುದು. ಆಮೇಲೆ ನಿತೇಶನಿಗೆ ಒಂದು, ದೀಕ್ಷಾಳಿಗೆ ಎರಡು. ಒಂದೊಂದಕ್ಕೂ ಮೂರು ಮೂರು ಸಲ ನಿಂತು, ಬಿಸಿನೀರು ಕುಡಿದು ಓದಿದಳು. ನಾಲ್ಕು ಮುಗಿಯುವಷ್ಟರಲ್ಲಿ ಕುತ್ತಿಗೆಯ ನರ ಉಬ್ಬಿತ್ತು. ಐದನೆಯದು ನನ್ನದು, ಒದ್ದೆ ಟುವಾಲಿನದು. ಬಾಯಿ ತೆರೆದಳು, ತುಟಿ ಅಲ್ಲಾಡಿತು, ಬರೀ ಗಾಳಿ ಬಂತು. ಇನ್ನೊಮ್ಮೆ ಓದಿ ನೋಡಿದಳು. ಮತ್ತೆ ಗಾಳಿ. ಮೈಕು ಬದಿಗಿಟ್ಟು, ಸಾಕು ಎಂದು ಕೈ ಮಾಡಿದಳು.

ಆ ಐದು ಫೈಲು ಡೆಸ್ಕ್‌ಟಾಪಿನಿಂದ ಲ್ಯಾಪ್‌ಟಾಪಿಗೆ, ಲ್ಯಾಪ್‌ಟಾಪಿನಿಂದ ಮ್ಯಾಕಿಗೆ ಎರಡೇ ಸೆಕೆಂಡಿನಲ್ಲಿ ಹೋದವು. ಎಲ್ಲೂ ಪಾಸ್‌ವರ್ಡ್ ಕೇಳಲಿಲ್ಲ, ಎಲ್ಲೂ ತಡೆಯಲಿಲ್ಲ. ಅಷ್ಟು ಚೊಕ್ಕವಾಗಿ ನಮ್ಮ ಮನೆಯಲ್ಲಿ ಅದು ಕೆಲಸ ಮಾಡಿದ್ದು ಅದೇ ಮೊದಲು. ಐದನೆಯದನ್ನು ಅಳಿಸಲಿಕ್ಕೆ ದೀಕ್ಷಾ ಒಪ್ಪಲಿಲ್ಲ.

ಈಗ ನಾಲ್ಕು ತಿಂಗಳಾಯಿತು. ಜಯಂತಿ ಉಣ್ಣುತ್ತಾಳೆ, ತಿರುಗಾಡುತ್ತಾಳೆ, ಹಟ್ಟಿಕೇರಿಯ ತವರಿಗೂ ಹೋಗಿಬಂದಳು. ಮೊಬೈಲು ಒತ್ತಿದರೆ ಅವಳ ದನಿ ಬರುತ್ತದೆ. ನೀರು ಬೇಕು. ಮಾತ್ರೆ ಎಲ್ಲಿ. ಊಟಕ್ಕೆ ಬನ್ನಿ. ಎಲ್ಲ ಮರ್ಯಾದೆಯ ಮಾತು, ಬೇರೆಯವರ ಮನೆಗೆ ಬಂದ ನೆಂಟಳ ಮಾತು. ಕೋಳಿಗೂ ಮಕ್ಕಳಿಗೂ ಬೈಗುಳ ಸಿಗುತ್ತದೆ, ನನಗಿಲ್ಲ. ಮಾಡಿದ್ದುಣ್ಣೋ ಮಹರಾಯ. ಮೂವತ್ತು ವರ್ಷ ಯಾವ ಬಾಯಿಗೆ ಹೆದರಿದ್ದೆನೋ ಆ ಬಾಯಿ ಒಮ್ಮೆ ಬಯ್ಯಲಿ ಎಂದು ಜೀವ ಚಡಪಡಿಸುತ್ತದೆ.

ಹೋದ ವಾರ ಡ್ಯೂಟಿಯಿಂದ ಬಂದು ಮಿಂದು, ಯಾವ ಧ್ಯಾನದಲ್ಲೋ ಒದ್ದೆ ಟುವಾಲನ್ನು ಹಾಸಿಗೆಯ ಮೇಲೆ ಎಸೆದೆ. ಜಯಂತಿ ನೋಡಿದಳು. ಮೊಬೈಲು ತೆಗೆದು ಪಟ್ಟಿಯಲ್ಲಿ ಕೆಳಗೆ, ಕೆಳಗೆ ಹೋಗಿ ಕೊನೆಯದನ್ನು ಒತ್ತಿದಳು. ಗಾಳಿ ಬಂತು, ಅಷ್ಟೇ. ಅವಳಿಗೇ ಸಮಾಧಾನವಾಗಲಿಲ್ಲವೇನೋ, ಎದ್ದು ಹೋಗಿ ಕಪಾಟು ತಡಕಿ ಆ ಕೆಂಪು ಟ್ಯಾಗು ತಂದಳು. ಹರಿದ ದಾರಕ್ಕೆ ಬದಲು ಹೂ ಕಟ್ಟುವ ನೂಲು ಹಾಕಿದ್ದಳು. ನನ್ನ ಹೆಸರು ಹೊಡೆದುಹಾಕಿ ಅವಳ ಹೆಸರು ಬರೆದಿತ್ತು. ಅದನ್ನು ನನ್ನ ಕೊರಳಿಗೆ ಹಾಕಿ, ಸೊಂಟದ ಮೇಲೆ ಕೈಯಿಟ್ಟು ಒಮ್ಮೆ ಕೆಕ್ಕರಿಸಿ, ಅಡುಗೆಮನೆಗೆ ಹೋದಳು.

ಬಾಗಿಲಲ್ಲಿ ದೀಕ್ಷಾ ನಗುತ್ತಿದ್ದಳು. "ಪಪ್ಪಾ, ತೆಗೀರಿ ಅದನ್ನ. ಟೀ ಆಯ್ತು, ಬನ್ನಿ."

"ನಾ ಹಾಕಿದ್ದಲ್ಲ," ಎಂದೆ. ಒದ್ದೆ ಟುವಾಲು ಮಡಿಲಲ್ಲಿಟ್ಟುಕೊಂಡು, ಜಯಂತಿ ಬಂದು ತೆಗೆಯುವವರೆಗೂ ಅಲ್ಲೇ ಕೂತಿದ್ದೆ.