ಚಿಲಕ ಬಿದ್ದ ಮಧ್ಯಾಹ್ನ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಎಕ್ಸ್‌ರೇ ಅಕ್ಕ ಎಂದೇ ಕರೆಯುತ್ತಿದ್ದರು. ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ನಿಂತು, ‘ಉಸಿರು ಬಿಗಿ ಹಿಡೀರಿ... ಹ್ಞಾಂ, ಈಗ ಬಿಡಿ’ ಎಂದು ಇಪ್ಪತ್ತಾರು ವರ್ಷಗಳಿಂದ ಹೇಳುತ್ತಾ ಬಂದಿದ್ದಳು. ಬೆಳಗಿನ ಪಾಳಿ ಮುಗಿಸಿ ಮನೆಗೆ ಬಂದರೆ ಗಂಡನಿರುತ್ತಿದ್ದ. ಬಸ್ ಡ್ರೈವರಾಗಿ ನಿವೃತ್ತನಾಗಿ ಒಂದೂವರೆ ವರ್ಷವಾಗಿತ್ತು. ಕೆಟ್ಟ ಮನುಷ್ಯನಲ್ಲ. ಆದರೆ ಹತ್ತು ನಿಮಿಷಕ್ಕೊಮ್ಮೆ ಅವಳನ್ನು ಕರೆಯದಿದ್ದರೆ ಅವನಿಗೆ ಸಮಾಧಾನವಿರುತ್ತಿರಲಿಲ್ಲ. ‘ಲೇ, ನನ್ನ ಕನ್ನಡಕ ಎಲ್ಲಿ?’ ‘ಲೇ, ಗ್ಯಾಸ್ ಆಫ್ ಮಾಡಿದ್ಯಾ?’ ‘ಲೇ, ಇಲ್ಲಿ ಬಾ, ಈ ಸುದ್ದಿ ನೋಡು.’

ಆ ಮನೆಯಲ್ಲಿ ಅವಳದು ಎಂದು ಹೇಳಬಹುದಾದ ಜಾಗವೆಂದರೆ ತಾರಸಿಯ ಮೇಲಿನ ಸಣ್ಣ ಕೋಣೆ. ಅಲ್ಲಿ ಒಂದು ಸ್ಕ್ರಾಲ್ ಸಾ ಇತ್ತು. ಹೊಲಿಗೆ ಮಿಷಿನ್ನಿನ ಸೂಜಿಯಂತೆ ಮೇಲೆ ಕೆಳಗೆ ಓಡುವ, ದಾರದಷ್ಟು ತೆಳ್ಳಗಿನ ಗರಗಸ. ತೆಳು ಹಲಗೆಯ ಮೇಲೆ ಚಿತ್ರ ಅಂಟಿಸಿ, ನಡುವೆ ಸಣ್ಣ ತೂತು ಕೊರೆದು, ಬ್ಲೇಡನ್ನು ಅದರೊಳಗೆ ತೂರಿಸಿ ಬಿಗಿದರೆ, ಹಲಗೆಯ ಅಂಚು ಮುಟ್ಟದೆಯೇ ಒಳಗಿನ ಮರವನ್ನಷ್ಟೇ ಕತ್ತರಿಸಿ ತೆಗೆಯಬಹುದು. ಹಕ್ಕಿ, ಮೀನು, ಜಾಲರಿ, ಏನು ಬೇಕಾದರೂ. ಯಾರಿಗೂ ಮಾರುತ್ತಿರಲಿಲ್ಲ, ಯಾರಿಗೂ ತೋರಿಸುತ್ತಲೂ ಇರಲಿಲ್ಲ.

ಆವತ್ತು ಊಟ ಮುಗಿಸಿ ಗಂಡ ಮಲಗಿದ ಮೇಲೆ, ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ, ಸದ್ದಾಗದಂತೆ ಮೇಲೆ ಹೋದಳು. ಎಲೆ ಉದುರಿದ ಮರವೊಂದರ ಚಿತ್ರ ಅರ್ಧ ಕತ್ತರಿಸಿಟ್ಟಿದ್ದಳು. ರೆಂಬೆಗಳು ಬೆಂಕಿಕಡ್ಡಿಗಿಂತ ಸಣ್ಣ. ಕೈ ಕೂದಲೆಳೆಯಷ್ಟು ಅಲುಗಿದರೂ ಮುರಿಯುವಂಥವು.

ಮೂರು ಗಂಟೆಯ ಹೊತ್ತಿಗೆ ಗಾಳಿ ಎದ್ದು ಬಾಗಿಲು ಪಟಪಟ ಬಡಿದುಕೊಳ್ಳತೊಡಗಿತು. ಆಮೇಲೆ ಹೆಜ್ಜೆ ಸದ್ದು. ಗಂಡ ನೀರಿನ ಟ್ಯಾಂಕ್ ನೋಡಲು ಬಂದಿದ್ದ. ಅವಳು ಬಾಗಿಲ ಹಿಂದಿನ ಮೂಲೆಯಲ್ಲಿ ಕೂತಿದ್ದಳು. ಅವನ ಎಡಗಿವಿ ಕೇಳದೆ ಯಾವ ಕಾಲವಾಯಿತೋ, ಮಿಷಿನ್ನಿನ ಸದ್ದಾದರೂ ಎಷ್ಟರದು. ಬಾಗಿಲನ್ನು ಎಳೆದು ಹೊರಗಿನಿಂದ ಚಿಲಕ ಹಾಕಿದ. ಕಟಕ್.

ಅವಳಿಗೆ ಕೇಳಿಸಿತು. ‘ರೀ’ ಎಂದು ಒಂದು ಸಲ ಕೂಗಿದ್ದರೆ ಸಾಕಿತ್ತು. ಬಾಯಿಯವರೆಗೆ ಬಂತು. ಆದರೆ ಬ್ಲೇಡು ರೆಂಬೆಯ ತಿರುವಿನಲ್ಲಿತ್ತು. ತಿರುವು ಮುಗಿಯುವಷ್ಟರಲ್ಲಿ ಹೆಜ್ಜೆ ಮೆಟ್ಟಿಲಿಳಿಯುತ್ತಿತ್ತು. ಇನ್ನೂ ಕೂಗಬಹುದಿತ್ತು. ಅವಳು ಕೂಗಲಿಲ್ಲ. ಹೋಗಲಿ ಬಿಡು, ಇನ್ನು ಯಾರೂ ಒಳಗೆ ಬರೋ ಹಾಗಿಲ್ಲ ಎನ್ನಿಸಿ ಎದೆ ಹಗುರವಾಯಿತು. ಎಷ್ಟೋ ತಿಂಗಳ ನಂತರ ಅರ್ಧ ಗಂಟೆ ಒಂದೇ ಸಮನೆ ಕತ್ತರಿಸಿದಳು.

ಅಷ್ಟರಲ್ಲಿ ಕರೆಂಟ್ ಹೋಯಿತು.

ಬ್ಲೇಡು ಮರದೊಳಗೇ ನಿಂತಿತು. ಕೋಣೆಯಲ್ಲಿ ಉಳಿದದ್ದು ಮೇಲಿನ ಗವಾಕ್ಷಿಯ ಸರಳುಗಳಿಂದ ಬೀಳುವ ಒಂದಿಷ್ಟು ಬೆಳಕು, ಮರದ ಪುಡಿ, ಸೆಕೆ. ಎದ್ದು ಬಾಗಿಲು ಎಳೆದಳು. ‘ರೀ! ಏನ್ರೀ!’ ಎಂದು ಕೂಗಿದಳು. ಉತ್ತರವಿಲ್ಲ. ಕೆಳಗೆ ಗೇಟು ಕಿರ್ರೆಂದದ್ದು ಮಾತ್ರ ಕೇಳಿಸಿತು. ಟೀವಿ ನಿಂತರೆ ಅವನು ಮನೆಯಲ್ಲಿ ನಿಲ್ಲುವ ಆಸಾಮಿಯಲ್ಲ. ಬಸ್ ಡಿಪೋ ಎದುರಿನ ಟೀ ಅಂಗಡಿಗೆ ಹೊರಟುಬಿಡುತ್ತಿದ್ದ.

ಬಾಗಿಲು ಬಡಿದಳು, ಸ್ಟೂಲಿನಿಂದ ಗುದ್ದಿದಳು. ಪಕ್ಕದ ಕಟ್ಟಡದಲ್ಲಿ ಯಾರದೋ ಜನರೇಟರ್ ಗುರುಗುಡುತ್ತಿತ್ತು, ಅದರ ಮುಂದೆ ಅವಳ ದನಿ ಯಾವ ಲೆಕ್ಕ. ನಾಲ್ಕಾಯಿತು, ನಾಲ್ಕೂವರೆಯಾಯಿತು. ಬಾಯಿ ಒಣಗಿ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತು. ಕೂತಳು, ಎದ್ದಳು, ಮೂರು ಹೆಜ್ಜೆ ಆ ಕಡೆ, ಮೂರು ಹೆಜ್ಜೆ ಈ ಕಡೆ. ಹತ್ತು ನಿಮಿಷಕ್ಕೊಮ್ಮೆ ಕರೆಯುವವನು ಒಂದೂವರೆ ಗಂಟೆಯಿಂದ ಕರೆದಿಲ್ಲವಲ್ಲ ಎಂದು ಅವಳಿಗೆ ಅಳುವೇ ಬಂತು. ಆಮೇಲೆ ತನ್ನ ಮೇಲೇ ಸಿಟ್ಟು ಬಂತು. ಬಾಯಿ ಮುಚ್ಚಿಕೊಂಡು ಕೂತವಳು ತಾನೇ ಅಲ್ಲವೇ?

ಕೊನೆಗೆ ಕೈಡ್ರಿಲ್ಲು ತೆಗೆದುಕೊಂಡಳು. ಬಾಗಿಲು ಪ್ಲೈವುಡ್ಡಿನದು. ಚಿಲಕ ಇರಬಹುದಾದ ಜಾಗದ ಪಕ್ಕದಲ್ಲಿ ಸಾಲಾಗಿ ತೂತು ಕೊರೆದಳು. ದಪ್ಪ ಹಲ್ಲಿನ ಬ್ಲೇಡೊಂದನ್ನು ತೂತಿಗೆ ತೂರಿಸಿ, ಈಚೆ ತುದಿಗೆ ಬಟ್ಟೆ ಸುತ್ತಿ ಹಿಡಿದು ಉಜ್ಜತೊಡಗಿದಳು. ಮಿಷಿನ್ನಿನಲ್ಲಿ ಬೆಣ್ಣೆ ಕೊಯ್ದಂತೆ ಓಡುವ ಬ್ಲೇಡು ಕೈಯಲ್ಲಿ ಬಳುಕಿತು, ಟಪ್ಪೆಂದು ಮುರಿಯಿತು. ಇನ್ನೊಂದು, ಅದೂ ಮುರಿಯಿತು. ಹನ್ನೊಂದು ಬ್ಲೇಡು ಮುರಿದವು, ಹೆಬ್ಬೆರಳು ಕೊಯ್ದುಕೊಂಡಿತು. ಆರು ಗಂಟೆಗೆ ಅಂಗೈಯಗಲದ ತುಂಡೊಂದು ಹೊರಗೆ ಬಿತ್ತು. ಕೈ ತೂರಿಸಿದಳು. ಎರಡು ಬೆರಳಿಗೆ ಚಿಲಕ ಸಿಕ್ಕಿತು. ಆದರೆ ತುಕ್ಕು ಹಿಡಿದಿದ್ದ ಅದು ಎರಡು ಬೆರಳಿನ ಬಲಕ್ಕೆ ಜಪ್ಪಯ್ಯ ಅಂದರೂ ಜರುಗಲಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ‘ಲೇ, ಎಲ್ಲಿ ಹೋದ್ಯೇ? ಪಕ್ಕದ ಟೈಲರ್ ಮನೇಲೂ ಇಲ್ವಂತೆ...’ ಎನ್ನುತ್ತಾ ಬಂದವನು ಬಾಗಿಲಿನಿಂದ ಹೊರಚಾಚಿ ಒದ್ದಾಡುತ್ತಿದ್ದ ರಕ್ತದ ಕೈ ನೋಡಿ ‘ಅಯ್ಯಯ್ಯೋ!’ ಎಂದು ಹಿಂದಕ್ಕೆ ಹಾರಿದ.

‘ಯಾ... ಯಾರದು?’

‘ಇನ್ಯಾರು? ನಿಮ್ಮ ಹೆಂಡ್ತಿ. ಮೊದ್ಲು ತೆಗೀರಿ!’

ತೆಗೆದ. ಅವಳು ಕೆಳಗಿಳಿದು ಒಂದು ಚೊಂಬು ನೀರು ಕುಡಿದಳು. ಅವನು ಬೆರಳಿಗೆ ಪಟ್ಟಿ ಕಟ್ಟುತ್ತಾ ಹತ್ತು ಸಲ ತಪ್ಪಾಯ್ತು ಎಂದ. ಆ ರಾತ್ರಿ ಅವನೇ ಅನ್ನಕ್ಕಿಟ್ಟ, ತಳ ಹಿಡಿಸಿದ.

ಮಾರನೆಯ ದಿನ ಬೇರೆಯೇ ಕಾಟ ಶುರುವಾಯಿತು. ಅವಳು ಮೇಲೆ ಕೂತು ಹತ್ತು ನಿಮಿಷವಾಗುವಷ್ಟರಲ್ಲಿ ಬಾಗಿಲ ತೂತಿನಲ್ಲಿ ಒಂದು ಕಣ್ಣು. ‘ಇದ್ದೀಯೇನೇ? ಹುಷಾರಾಗಿದ್ದೀಯಾ?’ ಮತ್ತೆ ಹತ್ತು ನಿಮಿಷಕ್ಕೆ, ‘ಗಾಳಿ ಆಡ್ತಿದ್ಯಾ?’ ರಟ್ಟು ಅಂಟಿಸಿದಳು. ಅದನ್ನು ಬೆರಳಿನಿಂದ ಸರಿಸಿ ಇಣುಕಿದ. ನಾಲ್ಕನೆಯ ದಿನ ಅವಳು ಮಿಷಿನ್ ನಿಲ್ಲಿಸಿ ಬಾಗಿಲು ತೆರೆದು ನಿಂತಳು.

‘ರೀ, ಒಂದು ವಿಷ್ಯ ಹೇಳ್ತೀನಿ. ಆವತ್ತು ನೀವು ಚಿಲಕ ಹಾಕಿದ್ದು ನಂಗೆ ಕೇಳ್ಸಿತ್ತು.’

‘ಮತ್ತೆ ಕೂಗ್ಬಾರ್ದಿತ್ತಾ?’

‘ಕೂಗ್ಬೇಕು ಅನ್ನಿಸ್ಲಿಲ್ಲ. ಇನ್ನು ನೀವು ಬರಲ್ಲ ಅಂತ ಖುಷಿಯಾಯ್ತು.’

ಅವನ ಮುಖ ಸಣ್ಣದಾಯಿತು. ಸರಿಯಾಗಿ ಕೇಳುವ ಕಿವಿಯನ್ನೇ ಅವಳ ಕಡೆ ತಿರುಗಿಸಿದ್ದ, ಹಾಗಾಗಿ ಕೇಳಿಸಲಿಲ್ಲ ಎನ್ನುವಂತೆಯೂ ಇರಲಿಲ್ಲ. ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಾ ಕೇಳಿದ: ‘ಎಷ್ಟು ಹೊತ್ತು ಬೇಕು ನಿಂಗೆ?’

‘ದಿನಾ ಎರಡು ಗಂಟೆ.’

‘ಎರಡು ಗಂಟೆ ನಾನೇನ್ ಮಾಡ್ಲಿ?’

ಅವನು ಹಂಗಿಸುತ್ತಿರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳುತ್ತಿದ್ದ. ಮೂವತ್ತು ವರ್ಷ ದಿನಕ್ಕೆ ಇನ್ನೂರು ಮೈಲಿ ಓಡಿಸಿದವನು, ಒಂದೂವರೆ ವರ್ಷದಿಂದ ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ ಓಡಾಡಿಕೊಂಡಿದ್ದ. ‘ಇಲ್ಲೇ ಕೂತ್ಕೊಳ್ಳಿ’ ಎಂಬ ಮಾತು ಅವಳ ನಾಲಗೆಯ ತುದಿಗೆ ಬಂತು. ನುಂಗಿಕೊಂಡಳು.

‘ಅದು ನಂಗೂ ಗೊತ್ತಿಲ್ಲ ಕಣ್ರೀ,’ ಎಂದಳು. ‘ಆದ್ರೆ ಅದನ್ನ ನೀವೇ ಹುಡುಕ್ಕೋಬೇಕು.’

ಅವನು ಒಂದೊಂದೇ ಮೆಟ್ಟಿಲಿಳಿದು ಹೋದ. ಗೇಟು ತೆರೆದ ಸದ್ದಾಯಿತು. ಅವಳು ಬಾಗಿಲು ಮುಚ್ಚಿಕೊಂಡು ಮಿಷಿನ್ ಮುಂದೆ ಕೂತಳು. ಸ್ವಿಚ್ಚಿನ ಮೇಲೆ ಬೆರಳಿತ್ತು, ಒತ್ತಲಿಲ್ಲ. ರಸ್ತೆಯಲ್ಲಿ ಅವನ ಚಪ್ಪಲಿ ಸದ್ದು ಯಾವ ಕಡೆ ಹೋಗುತ್ತಿದೆ ಎಂದು ತುಂಬಾ ಹೊತ್ತು ಕಿವಿಗೊಟ್ಟು ಕೇಳುತ್ತಿದ್ದಳು.