ಮಡಿಲು ತುಂಬುವ ದಿನ

ಕುಂಬಾರಕೊಪ್ಪಲಿನ ಬೋರಮ್ಮನವರ ಮನೆಯಲ್ಲಿ ಬೆಳಗ್ಗೆ ಐದಕ್ಕೇ ಒಲೆ ಹತ್ತಿತ್ತು. ಏಳು ತಿಂಗಳ ಬಸುರಿ ಸೊಸೆ ಮಂಜುಶ್ರೀಗೆ ಅಂದು ಸೀಮಂತ. ಪುಳಿಯೋಗರೆಯ ಗೊಜ್ಜು ಕುದಿಯುತ್ತಿತ್ತು. ನಡುಮನೆಯಲ್ಲಿ ಹಸಿರು ಬಳೆಗಳು ಹರಡಿದ್ದವು. ಮಧ್ಯಾಹ್ನ ಆರತಿಯಾದ ಮೇಲೆ ತಾಯಿ ಸರೋಜಮ್ಮ ಮಗಳನ್ನು ಶ್ರೀರಾಂಪುರಕ್ಕೆ ಕರೆದೊಯ್ಯಬೇಕು. ಚೊಚ್ಚಲ ಬಾಣಂತನ ತವರಿನದು. ಈ ಪದ್ಧತಿಯಲ್ಲಿ ತಪ್ಪೇನೆಂದು ನೀವು ಕೇಳಬಹುದು. ಪದ್ಧತಿಯ ಮಡಿಸೀರೆಯಲ್ಲಿ ಏನೇನು ಸುತ್ತಿ ಬಚ್ಚಿಡುತ್ತಾರೆ, ನೋಡಿ.

ಬಟ್ಟೆಯ ಚೀಲಕ್ಕೆ ಹಾಕಿದ ಮಂಜುಶ್ರೀಯ ಕೈ ಅಲ್ಲೇ ನಿಂತಿತು.

“ಅತ್ತೆ, ನನ್ ಮಾತ್ರೆ ಡಬ್ಬಿ?”

“ಬೀರುವಲ್ಲಿಟ್ಟಿವ್ನಿ,” ಬೋರಮ್ಮ ಗೊಜ್ಜು ತಿರುವುತ್ತಲೇ ಹೇಳಿದರು. “ಅಲ್ಲಿಗ್ಯಾಕದು? ನಿಮ್ಮಪ್ಪ ಓದ್ಬುಟ್ರೆ? ಐದಾರು ತಿಂಗ್ಳು ಬುಟ್ರೆ ಏನೂ ಮುಳುಗೋಗಲ್ಲ. ಬಂದ್ಮೇಲೆ ನುಂಗೀವಂತೆ.”

ಮೂರನೇ ತಿಂಗಳ ರಕ್ತಪರೀಕ್ಷೆಯಲ್ಲಿ ಮಂಜುಶ್ರೀಗೆ ಎಚ್‌ಐವಿ ಇರುವುದು ತಿಳಿದಿತ್ತು. ಗಂಡ ಯೋಗೇಂದ್ರನಿಗೆ ತನಗಿರುವುದು ಮದುವೆಗೆ ಎರಡು ವರ್ಷ ಮೊದಲೇ ಗೊತ್ತಿತ್ತು, ಅವನ ತಾಯಿಗೂ. ಮಾತ್ರೆ ನುಂಗುತ್ತಿದ್ದವನು, ಮದುವೆಯ ನೆಂಟರ ಕಣ್ಣಿಗೆ ಬಿದ್ದೀತೆಂದು ತಿಂಗಳುಗಟ್ಟಲೆ ನಿಲ್ಲಿಸಿಬಿಟ್ಟಿದ್ದ. ಜಾತಕದ ಮೂವತ್ತಾರು ಗುಣಗಳಲ್ಲಿ ಇಪ್ಪತ್ತೆಂಟು ಕೂಡಿದವೆಂದು ಹಿಗ್ಗಿದ ಮನೆ, ಹೆಣ್ಣಿಗೆ ಹೇಳಲೇಬೇಕಾಗಿದ್ದ ಒಂದೇ ಒಂದು ಮಾತನ್ನು ನುಂಗಿಕೊಂಡಿತ್ತು.

ಮಂಜುಶ್ರೀ ಫೋನ್ ಮಾಡಿದ್ದು ಹೆಂಗಸರ ಆರೋಗ್ಯ ಸಂಘದ ತೇಜಸ್ವಿನಿಗೆ. ಬಸುರಿಯರು ಈ ಮಾತ್ರೆಯನ್ನು ಎಲ್ಲಿ, ಯಾಕೆ ಬಿಡುತ್ತಾರೆಂದು ತಿಂಗಳುಗಳಿಂದ ಕೇಳಿ ಬರೆದುಕೊಳ್ಳುತ್ತಿದ್ದವಳು ಆಕೆ. ನೆಂಟರು ಸೇರುವ ಮೊದಲೇ ಬಂದು ಅಡುಗೆಮನೆಯಲ್ಲಿ ಬೋರಮ್ಮನವರ ಎದುರು ನಿಂತಳು.

“ಹಂಗಲ್ಲ ಕಣಮ್ಮ. ದಿನಾ ತಗೊಂಡ್ರೆ ಮಗೂಗೆ ಬರದ ಹಂಗೆ ತಡೀಬಹುದು. ಬಿಟ್ರೆ ಮತ್ತೆ ತಲೆ ಎತ್ತುತ್ತೆ. ನಾನು ಕಂಡಂಗೆ ಬಹಳ ಜನ ಬಿಟ್ಟಿದ್ದು ತೌರುಮನೇಲೇ. ಒಬ್ಬಳ ಕೂಸಿಗೂ ಬಂತು.”

“ನಿಂಗೇನವ್ವ, ಸಂಬ್ಳ ಬತ್ತದೆ, ಮನೆಮನೆ ತಿರುಗ್ತೀಯ. ನಮ್ ಮಾನಕ್ಕೆ ಸಂಬ್ಳ ಕೊಡೋರ್ಯಾರು? ದೇವ್ರವ್ನೆ, ಕಾಯ್ತನೆ.”

“ಆ ದೇವ್ರೇ ಅಲ್ವೇನಮ್ಮ ಮದ್ದು ಕೈಗೆ ಕೊಟ್ಟಿದ್ದು? ಬೀಗ ಹಾಕಿದ್ದು ನೀವು.”

ಯೋಗೇಂದ್ರ ಅಂಗಳದಲ್ಲಿ ಚಪ್ಪರದ ಹಗ್ಗ ಬಿಗಿಯುತ್ತಿದ್ದ. ಎಲ್ಲ ಕೇಳಿಸಿಕೊಂಡು, ಬಿಗಿದಿದ್ದನ್ನೇ ಮತ್ತೆ ಬಿಗಿದ.

“ಬೇರೆ ಡಬ್ಬಿಗೆ ಏರ್ಪಾಡು ಮಾಡ್ಲಾ?” ತೇಜಸ್ವಿನಿ ಹಿತ್ತಿಲಲ್ಲಿ ಮೆಲ್ಲಗೆ ಕೇಳಿದಳು.

“ಅದನ್ನೂ ಅಲ್ಲಿ ಬಚ್ಚಿಟ್ಟೇ ನುಂಗ್ಬೇಕಲ್ಲಕ್ಕ. ಹುಟ್ಟಿದ ಮಗೂಗೂ ಔಷಧಿ ಹಾಕ್ಬೇಕು ಅಂದ್ರಿ, ಅವ್ವಂಗೆ ತಿಳೀದಂಗೆ ಹೆಂಗೆ? ಇವ್ರು ಬಚ್ಚಿಟ್ಟಿದ್ದಕ್ಕೇ ನಂಗೆ ಬಂದಿದ್ದು.”

“ನಾನು ಯಾರ ಮುಂದೂ ಬಾಯಿ ಬಿಡೋ ಹಂಗಿಲ್ಲ. ಹೇಳೋದು ಬಿಡೋದು ನಿನ್ ಹಕ್ಕು. ಹೇಳಿದ್ರೆ ಜೊತೇಲಿರ್ತೀನಿ.”

ಮಣೆಯ ಮೇಲೆ ಕೂರಿಸಿ ಮಡಿಲು ತುಂಬಿದರು: ಅಕ್ಕಿ, ಬೆಲ್ಲ, ಕೊಬ್ಬರಿ, ಹಣ್ಣು, ರವಿಕೆಕಣ. ಕೂಸು ತಣ್ಣಗಿರಲೆಂದು ಹೆಂಗಸರು ಸೋಬಾನೆ ಎತ್ತಿದರು. ಮಂಜುಶ್ರೀ ಹಾಡುತ್ತಿದ್ದ ಅತ್ತೆಯನ್ನೇ ನೋಡಿದಳು. ಬಾಯಲ್ಲಿ ಕೂಸಿಗೆ ಹರಕೆ, ಸೊಂಟದಲ್ಲಿ ಕೂಸಿನ ಮದ್ದಿನ ಬೀಗದ ಕೈ. ಇದು ಯಾವ ಶಾಸ್ತ್ರ? ಯಾವ ದೇವರು ಒಪ್ಪಿದ ಪೂಜೆ?

“ಏಳವ್ವ, ದೇವ್ರಿಗೆ ಕೈಮುಗಿ,” ಎಂದರು ಹಿರಿಯ ಮುತ್ತೈದೆ ಸೋಮಮ್ಮ.

ಅವಳು ಏಳಲಿಲ್ಲ. “ಇನ್ನೂ ಮಡಿಲು ತುಂಬಿಲ್ಲ. ಅತ್ತೆ, ಬೀರು ತೆಗೀರಿ. ನನ್ ಮಾತ್ರೆ ಹಾಕಿ.”

“ಸೆಕೆಗೆ ತಲೆ ತಿರುಗ್ತಾ ಅದೆ ಹುಡ್ಗೀಗೆ,” ಬೋರಮ್ಮ ನಕ್ಕರು.

“ತಲೆ ನೆಟ್ಟಗದೆ. ಅವ್ವಾ, ನಂಗೆ ಎಚ್‌ಐವಿ ಅದೆ. ನಿನ್ನಳಿಯನಿಂದ ಬಂತು. ಮದ್ವೆಗೆ ಮೊದ್ಲೇ ಇವ್ರಿಗೆ ಗೊತ್ತಿತ್ತು. ಮಾತ್ರೆ ಬುಟ್ರೆ ಮಗೂಗೂ ಬರ್ಬೋದು.”

ಹಾಡು ನಿಂತಿತು. ಈಗಷ್ಟೇ ಅವಳ ಕೆನ್ನೆಗೆ ಅರಿಶಿನ ಹಚ್ಚಿದವರು ಸೆರಗಿಗೆ ಕೈ ಒರೆಸಿಕೊಂಡು, ಕುಂಕುಮವನ್ನೂ ಕೇಳದೆ ಹೊರಟರು. ತೇಜಸ್ವಿನಿ ಬಂದು ಮಣೆಯ ಪಕ್ಕ, ಅವಳಿಗೆ ಭುಜ ತಾಗಿಸಿ ಕುಳಿತಳು.

ಸರೋಜಮ್ಮ ಗೋಡೆ ಹಿಡಿದು ನಿಂತಿದ್ದರು. “ಗೊತ್ತಿದ್ದೂ ಹೆಣ್ಣು ಕೇಳಕ್ಕೆ ಬಂದ್ರಾ?”

“ಯಾರ ಮನೇಲಿಲ್ಲ ಗುಟ್ಟು? ಮಾನ ಬೀದಿಗೆ ತಂದೋಳು ನಿಮ್ ಮಗ್ಳು,” ಎಂದರು ಬೋರಮ್ಮ.

ಸರೋಜಮ್ಮ ಗೋಡೆ ಬಿಟ್ಟರು. ನೇರ ಬಂದು ಬೀಗಿತ್ತಿಯ ಸೊಂಟದಿಂದ ಗೊಂಚಲು ಕಿತ್ತು, ಬೀರು ತೆಗೆದು, ಡಬ್ಬಿಯನ್ನು ಮಗಳ ಮಡಿಲಿಗೆ ಹಾಕಿದರು.

“ಯಾವೊತ್ತಿಗೆ ತಗೋಬೇಕು?”

“ರಾತ್ರಿ ಎಂಟಕ್ಕೆ. ದಿನಾ.”

“ಏಳು ಮತ್ತೆ.”

ಬಾಗಿಲಲ್ಲಿ ಯೋಗೇಂದ್ರ ಅಡ್ಡ ನಿಂತಿದ್ದ. “ಅತ್ತೆ, ನಾನು...”

“ದಾರಿ ಬುಡಪ್ಪ,” ಎಂದರು ಸರೋಜಮ್ಮ.

ಅವನು ಬಿಟ್ಟ. ಮದುವೆಯಾದಂದಿನಿಂದ ಆ ಹುಡುಗಿಗೆ ಅವನು ಮಾಡಿದ ಉಪಕಾರ ಅದೊಂದೇ.