ಇಬ್ಬರೂ ಗೆರೆ ಎಳೆದ ಪದ

ಅವಳಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ನಿಘಂಟು ಕಚೇರಿಯ ಸಂಪಾದಕಿಯಾಗಿ ಇದು ಅವಳ ಮೊದಲ ಸಂಪುಟ. ಕೊನೆಯ ಹಾಳೆ ಸಂಜೆ ಐದರೊಳಗೆ ಅಚ್ಚಿಗೆ ಹೋಗದಿದ್ದರೆ ಈ ಕುರ್ಚಿ ಬೇರೆಯವರಿಗೆ ಅಂತ ಮೇಲಿನವರು ಮುಖಕ್ಕೆ ಹೇಳಿಯೂ ಆಗಿತ್ತು. ಅಡ್ಡ ಬಿದ್ದಿದ್ದು ಒಂದೇ ಒಂದು ಪದ, ಸಿಜಿಜಿ. ಅಡ್ಡ ಹಾಕಿದವರು ಮಾತ್ರ ಇಬ್ಬರು, ಅವಳ ಅಪ್ಪ ಮತ್ತು ಚಿಕ್ಕಪ್ಪ.

ಅಪ್ಪ ಅದೇ ಕಚೇರಿಯ ಮಹಡಿಯ ಮೇಲೆ ಧರ್ಮಗಳ ಇತಿಹಾಸದ ಪದಗಳನ್ನು ನೋಡುವವರು. ಅವರ ಪ್ರಕಾರ ಸಿಜಿಜಿ ಅಂದರೆ ಆದಿ ಕ್ರೈಸ್ತ ಕಾಲದ ಕೆಲವು ಪಂಥಗಳು ನಂಬಿದ್ದ ದಿವ್ಯಶಕ್ತಿಗಳ ಗಂಡು-ಹೆಣ್ಣು ಜೋಡಿ. ಕೆಳಗಿನ ಕೋಣೆಯ ಚಿಕ್ಕಪ್ಪನದು ಖಗೋಳ. ಸೂರ್ಯ, ಭೂಮಿ, ಚಂದ್ರ ಒಂದೇ ಸಾಲಿಗೆ ಬಂದು ನಿಲ್ಲುವುದೇ ಸಿಜಿಜಿ ಅಂತ ಅವರು. ಎರಡೂ ಸರಿಯೇ. ಆದರೆ ಯಾವುದು ಮೊದಲು? "ಹಳೇದು ಮೊದಲು" ಅಂತ ಅಪ್ಪ, "ಇವತ್ತು ಬಳಸೋದು ಮೊದಲು" ಅಂತ ಚಿಕ್ಕಪ್ಪ. ಮೂರು ವಾರದಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ, ಕತೆಯಿಲ್ಲ. ಮಧ್ಯೆ ಮೆಟ್ಟಿಲು ಹತ್ತಿ ಇಳಿದು ಇವಳ ಮಂಡಿ ಪದ ಹೇಳುತ್ತಿತ್ತು.

ನಿನ್ನೆ ತಡೆಯಲಾರದೆ ಇಬ್ಬರಿಗೂ ಬೇರೆ ಬೇರೆಯಾಗಿ ಅಂಗಲಾಚಿದ್ದಳು. "ನನ್ನ ಮುಖ ನೋಡಿಯಾದ್ರೂ ನೀವೇ ಒಂಚೂರು ಸೋತುಬಿಡಿ."

ಇವತ್ತು ನಾಲ್ಕಕ್ಕೆ ಪ್ರೆಸ್ಸಿನಿಂದ ಫೋನು. "ಮೇಡಮ್, ಪದ ಇದೆ, ಅರ್ಥನೇ ಇಲ್ವಲ್ಲ."

ಅವಳು ಪ್ರತಿಗಳನ್ನು ತರಿಸಿ ನೋಡಿದಳು. ಕಚೇರಿಯಲ್ಲಿ ಪ್ರತಿ ಪದಕ್ಕೂ ಎರಡು ಪ್ರತಿ, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಯಾರೂ ಇನ್ನೊಬ್ಬರ ಸಾಲು ಮುಟ್ಟುವಂತಿಲ್ಲ, ತಮ್ಮದನ್ನು ಮಾತ್ರ ತಿದ್ದಬಹುದು. ಎರಡರಲ್ಲಿ ಎಲ್ಲೇ ಕೆಂಪು ಗೆರೆ ಬಿದ್ದರೂ ಆ ಸಾಲು ಅಚ್ಚಾಗುವುದಿಲ್ಲ. ಮೇಲಿನ ಪ್ರತಿಯಲ್ಲಿ ಅಪ್ಪ ತಮ್ಮ ಅರ್ಥಕ್ಕೆ ಗೆರೆ ಎಳೆದಿದ್ದರು. ಕೆಳಗಿನದರಲ್ಲಿ ಚಿಕ್ಕಪ್ಪ ತಮ್ಮದಕ್ಕೆ. ಸೋಲಿ ಅಂದಿದ್ದಕ್ಕೆ ಇಬ್ಬರೂ ಪೂರ್ತಿ ಸೋತು ಕೂತಿದ್ದರು.

ಇಬ್ಬರನ್ನೂ ಒಂದೇ ಮೇಜಿಗೆ ಎಳೆದು ತಂದು ಕೂರಿಸಿದಳು. ಗೆರೆ ಎಳೆದವರು ಅದೇ ಅರ್ಥವನ್ನು ಮತ್ತೆ ಬರೆಯುವಂತಿಲ್ಲ, ಬೇರೆಯವರು ಹೊಸದಾಗಿ ಬರೆಯಬಹುದು, ಅದೂ ಒಂದು ನಿಯಮ. "ಅಪ್ಪಾ, ಚಿಕ್ಕಪ್ಪಂದು ನೀವು ಬರೀರಿ. ಚಿಕ್ಕಪ್ಪಾ, ಅಪ್ಪಂದು ನೀವು. ಕಮಕ್ ಕಿಮಕ್ ಅನ್ನಬೇಡಿ."

ಇಬ್ಬರೂ ಬರೆದರು. ಯಾವ ಪುಸ್ತಕವನ್ನೂ ತೆಗೆಯಲಿಲ್ಲ, ಒಬ್ಬರನ್ನೊಬ್ಬರು ಕೇಳಲೂ ಇಲ್ಲ. ಅಲ್ಪವಿರಾಮ ಸಹಿತ ಒಂದಕ್ಷರ ತಪ್ಪಿರಲಿಲ್ಲ. ಮೂರು ವಾರ ಜಗಳವಾಡಿದ ಮನುಷ್ಯರಿಗೆ ಎದುರಾಳಿಯ ಸಾಲು ಬಾಯಿಪಾಠವಾಗಿತ್ತು.

"ಸರಿ, ಯಾವುದು ಮೊದಲು?"

"ಅಣ್ಣಂದೇ ಇರಲಿ" ಅಂದರು ಚಿಕ್ಕಪ್ಪ.

"ಬೇಡ, ಅವನದ್ದು ಹಾಕು."

"ನಾನು ಹೇಳ್ತಿಲ್ವೇನಣ್ಣಾ, ನಿಂದೇ ಇರಲಿ ಅಂತ?"

"ನೀನ್ಯಾರೋ ಅದನ್ನ ಹೇಳೋಕೆ?"

ದನಿ ಏರತೊಡಗಿತು. ಗಡಿಯಾರದಲ್ಲಿ ನಾಲ್ಕು ಐವತ್ತು. ಅವಳು ಎರಡು ಹಾಳೆಗಳನ್ನೂ ಕಸಿದು, ಯಾರದು ಮೇಲೆ ಬಂತು ಅಂತಲೂ ನೋಡದೆ ಪ್ರೆಸ್ಸಿನ ಕಡೆ ಓಡಿದಳು. ಬೀದಿಯ ತಿರುವಿನವರೆಗೂ ಅವರ ಕೂಗಾಟ ಕೇಳುತ್ತಿತ್ತು. ಮೂರು ವಾರದ ಮೇಲೆ ಇಬ್ಬರೂ ಮಾತಾಡುತ್ತಿದ್ದಾರಲ್ಲ ಅಂತ ಅವಳ ಕಣ್ಣು ತುಂಬಿತು. ಅದಕ್ಕೂ ಅವಳಿಗೆ ಸಿಟ್ಟೇ ಬಂತು.